ಮಂಜುನಾಥ, ಪ್ರಶಾಂತ್, ಆರವ್, ನೀಲಕಂಠ: ಗಂಡುಮಗುವಿಗೆ ಯಾವ ಕಾಲದ ಹೆಸರು ಇಡೋಣ?

ಮಗಳು ಗಂಡುಮಗು ಹೆತ್ತು ಆಸ್ಪತ್ರೆಯಿಂದ ಮನೆಗೆ ಬಂದ ಮಾರನೇ ದಿನವೇ ಹೆಸರಿನ ಮಾತು ಶುರುವಾಯಿತು. ಅಳಿಯಂದಿರ ಫೋನಿನಲ್ಲಿ ಒಂದು ಪಟ್ಟಿ ಇತ್ತು: ಆರವ್, ವಿಹಾನ್, ಅದ್ವಿಕ್. ಬೀಗರು ನಂಜನಗೂಡಿನ ಕಡೆಯವರು. ತಮ್ಮ ತಂದೆ ನಂಜುಂಡಯ್ಯನವರ ಹೆಸರು ಮನೆಯಲ್ಲಿ ಉಳಿಯಬೇಕು ಅಂದರು. ಮಗಳಿಗೆ ಇವೆರಡೂ ಬೇಡ. ಪ್ರಶಾಂತ್, ಕಿರಣ್ ಥರದ್ದು ಯಾವುದಾದರೂ ಸಾಕು, ಎಲ್ಲರ ಬಾಯಲ್ಲೂ ಸಲೀಸಾಗಿ ಬರಬೇಕು ಅಂದಳು.

"ಅಮ್ಮ, ಮೂವತ್ತನಾಲ್ಕು ವರ್ಷ ಹಾಜರಿ ಕೂಗಿದ್ದೀಯ. ನೀನೇ ಹೇಳು" ಅಂತ ಕೊನೆಗೆ ನನ್ನ ಮೇಲೆ ಹಾಕಿದಳು.

ನಿಜ. 1987ರಿಂದ 2021ರವರೆಗೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದೆ. ಬೆಳಿಗ್ಗೆ ಮೊದಲ ಕೆಲಸ ಹಾಜರಿ. ಹೆಸರುಗಳು ಬರುವುದನ್ನೂ ಹೋಗುವುದನ್ನೂ ಅಷ್ಟು ಹತ್ತಿರದಿಂದ ನೋಡಿದ್ದೇನೆ. ನಾಮಕರಣದವರೆಗಿನ ಹನ್ನೊಂದು ದಿನದಲ್ಲಿ ಮನೆಯವರ ಮುಂದೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಇದೇ ಮಾತು ನಡೆಯುತ್ತಿದ್ದರೆ ಉಪಯೋಗಕ್ಕೆ ಬರಬಹುದು.

ಬಾಲ ನೋಡಿದರೆ ಕಾಲ ಗೊತ್ತಾಗುತ್ತದೆ

ನನ್ನ ಮೊದಲ ಎಂಟನೇ ತರಗತಿಯ ಹಾಜರಿ ಪುಸ್ತಕದಲ್ಲಿ ಸಿದ್ದಯ್ಯ, ಮಾದಪ್ಪ, ಪುಟ್ಟಸ್ವಾಮಿ ಇನ್ನೂ ಇದ್ದರು. ಅವರ ಪಕ್ಕದಲ್ಲೇ ರಮೇಶ, ಸುರೇಶ, ಮಹೇಶ, ದಿನೇಶ, ಗಿರೀಶ. ಹತ್ತು ವರ್ಷ ಆಗುವಷ್ಟರಲ್ಲಿ 'ಪ್ಪ' ಮತ್ತು 'ಯ್ಯ' ಪಕ್ಕದ ಕಾಲಂಗೆ, ಅಂದರೆ ತಂದೆಯ ಹೆಸರಿನ ಕಾಲಂಗೆ ಸರಿದಿದ್ದವು. ಮಕ್ಕಳ ಕಾಲಂನಲ್ಲಿ ಸಂದೀಪ್, ಪ್ರದೀಪ್, ಪುನೀತ್, ರಂಜಿತ್, ಪ್ರಶಾಂತ್, ಹೇಮಂತ್. ನಾನು ನಿವೃತ್ತಿ ಆಗುವ ಹೊತ್ತಿಗೆ ರಮೇಶ, ಸುರೇಶರೆಲ್ಲ ತಂದೆಯ ಕಾಲಂನಲ್ಲಿದ್ದರು. ಸಂದೀಪ್, ಪ್ರಶಾಂತ್ ಆಗಷ್ಟೇ ಅಲ್ಲಿಗೆ ಕಾಲಿಡುತ್ತಿದ್ದರು.

ಗಮನಿಸಿ, ಒಂದು ಕಾಲದಲ್ಲಿ ಚಾಲ್ತಿಗೆ ಬರುವುದು ಒಂದು ಹೆಸರಲ್ಲ, ಒಂದು ಬಾಲ. 'ಏಶ' ಬಂದಾಗ ಹತ್ತಾರು ಏಶಗಳು ಒಟ್ಟಿಗೆ ಬಂದವು. ಆಮೇಲೆ 'ದೀಪ್', 'ಇತ್', 'ಆಂತ್'. ಈಗ 'ಆಂಶ್': ರೇಯಾಂಶ್, ಶಿವಾಂಶ್, ದೇವಾಂಶ್, ದಿವ್ಯಾಂಶ್. ಇನ್ನೊಂದು ಕಡೆ 'ಆನ್': ವಿಹಾನ್, ಕಿಯಾನ್, ರಿಯಾನ್, ಅಯಾನ್. ಹಾಗಾಗಿ ನೀವು ಆರಿಸಿದ ಹೆಸರು ಊರಲ್ಲಿ ಯಾರಿಗೂ ಇಲ್ಲದಿದ್ದರೂ, ಬಾಲ ಎಲ್ಲರದ್ದೇ ಆಗಿದ್ದರೆ ನಲವತ್ತು ವರ್ಷದ ನಂತರ ಕೇಳಿದವರು ಹುಟ್ಟಿದ ವರ್ಷವನ್ನು ಸುಮಾರಾಗಿ ಹೇಳಿಬಿಡುತ್ತಾರೆ. ಇದು ತಪ್ಪು ಅಂತ ಅಲ್ಲ. ಗೊತ್ತಿದ್ದು ಆರಿಸಿ ಅಂತ ಅಷ್ಟೇ.

ಒಂದೇ ಮನೆಯಲ್ಲಿ ಈ ಬದಲಾವಣೆ ಕಾಣಬೇಕೆಂದರೆ ಕುಪ್ಪಳಿಯ ಮನೆ ನೋಡಿ. ತಂದೆ ವೆಂಕಟಪ್ಪ. ಮಗ ಪುಟ್ಟಪ್ಪ, ಅಂದರೆ ನಮ್ಮ ಕುವೆಂಪು. ಆ ಪುಟ್ಟಪ್ಪ 1938ರಲ್ಲಿ ಹುಟ್ಟಿದ ತಮ್ಮ ಮಗನಿಗೆ ಇಟ್ಟ ಹೆಸರು ಪೂರ್ಣಚಂದ್ರ ತೇಜಸ್ವಿ. ಎರಡನೇ ಮಗ ಕೋಕಿಲೋದಯ ಚೈತ್ರ. ಸುತ್ತ ಎಲ್ಲ ಮನೆಯಲ್ಲೂ 'ಅಪ್ಪ'ಗಳೇ ಓಡಾಡುತ್ತಿದ್ದ ಕಾಲದಲ್ಲಿ ಈ ಹೆಸರುಗಳು ಹೇಗೆ ಕೇಳಿಸಿರಬಹುದು! ಈಗ ತೇಜಸ್, ತೇಜಸ್ವಿ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಅಷ್ಟು ನಮ್ಮದಾಗಿದೆ.

ಏರಿದ ಹೆಸರು ಎಷ್ಟು ಬೇಗ ಇಳಿಯುತ್ತದೆ

ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಇಲಾಖೆ 1880ರಿಂದ ಈಚೆಗೆ ಹುಟ್ಟಿದ ಮಕ್ಕಳ ಹೆಸರಿನ ಲೆಕ್ಕವನ್ನು ವರ್ಷ ವರ್ಷ ಬಿಡಿಸಿ ಪ್ರಕಟಿಸುತ್ತದೆ. ಅಲ್ಲಿರುವ ನಮ್ಮ ಕನ್ನಡದ ಅಪ್ಪ ಅಮ್ಮಂದಿರೂ ಹೆಸರಿಡುವ ಮುಂಚೆ ಅದರಲ್ಲಿ ಹುಡುಕುತ್ತಾರೆ. ಗಂಡುಮಕ್ಕಳಲ್ಲಿ 1961ರಿಂದ 1998ರವರೆಗೆ ಒಂದು ವರ್ಷವೂ ಬಿಡದೆ ಮೈಕಲ್ ಮೊದಲ ಸ್ಥಾನದಲ್ಲಿತ್ತು. 1999ರಲ್ಲಿ ಜೇಕಬ್ ಬಂತು. ಆಮೇಲೆ ನೋವಾ. 2017ರಿಂದ ಲಿಯಾಮ್. ಇನ್ನೊಂದು ವಿಷಯವೂ ಆ ಲೆಕ್ಕದಲ್ಲಿ ಕಾಣುತ್ತದೆ. 1950ರ ಸುಮಾರಿಗೆ ಮೊದಲ ಸ್ಥಾನದ ಹೆಸರು ನೂರು ಹುಡುಗರಲ್ಲಿ ನಾಲ್ಕೈದು ಮಂದಿಗೆ ಇರುತ್ತಿತ್ತು. ಈಗ ಮೊದಲ ಸ್ಥಾನದ್ದೇ ನೂರಕ್ಕೆ ಒಂದರ ಆಸುಪಾಸು. ಅಂದರೆ ಜನ ಈಗ ಬೇರೆ ಬೇರೆ ಹೆಸರು ಹುಡುಕುತ್ತಾರೆ. ಈ ಮಾತು ನಮ್ಮ ಹಾಜರಿ ಪುಸ್ತಕಕ್ಕೂ ಸರಿಯಾಗಿ ಹೊಂದುತ್ತದೆ. 1990ರ ಸುಮಾರಿಗೆ ನನ್ನ ಒಂದು ತರಗತಿಯಲ್ಲಿ ನಾಲ್ಕು ಮಂಜುನಾಥರಿದ್ದರು. ನಾಲ್ವರು ಆರವ್‌ಗಳನ್ನು ಒಂದೇ ಕೋಣೆಯಲ್ಲಿ ನಾನು ಯಾವತ್ತೂ ನೋಡಿಲ್ಲ.

2009ರಲ್ಲಿ ಜೋನಾ ಬರ್ಗರ್, ಗಾಯೆಲ್ ಲ ಮೆನ್ಸ್ ಎಂಬ ಇಬ್ಬರು ಸಂಶೋಧಕರು ಅಮೆರಿಕ ಮತ್ತು ಫ್ರಾನ್ಸಿನ ಸುಮಾರು ನೂರು ವರ್ಷದ ಹೆಸರುಗಳನ್ನು ಹೀಗೆ ಲೆಕ್ಕ ಹಾಕಿ ನೋಡಿದರು. ಸರಸರ ಏರಿದ ಹೆಸರು ಸರಸರನೆ ಇಳಿಯುತ್ತದೆ, ನಿಧಾನವಾಗಿ ಏರಿದ್ದು ನಿಧಾನವಾಗಿ ಇಳಿಯುತ್ತದೆ ಎಂಬುದು ಅವರಿಗೆ ಕಂಡದ್ದು. ಹೆಸರು ಆರಿಸುವವರಿಗೆ ಇದಕ್ಕಿಂತ ಕೆಲಸಕ್ಕೆ ಬರುವ ಮಾತು ಇನ್ನೊಂದಿಲ್ಲ ಅಂತ ನನಗೆ ಅನಿಸುತ್ತದೆ. ಹೆಸರು ಇವತ್ತು ಎಲ್ಲಿದೆ ಎಂಬುದಕ್ಕಿಂತ, ಅಲ್ಲಿಗೆ ಎಷ್ಟು ಬೇಗ ಬಂತು ಎಂಬುದನ್ನು ನೋಡಬೇಕು.

ನಮ್ಮಲ್ಲಿ ಅಂಥ ಪಟ್ಟಿ ಎಲ್ಲಿದೆ ಅಂತ ಅಳಿಯಂದಿರು ಕೇಳಿದರು. ವೋಟರ್ ಲಿಸ್ಟ್ ಇದೆಯಲ್ಲ! ಅದರಲ್ಲಿ ಹೆಸರಿನ ಜೊತೆ ವಯಸ್ಸೂ ಇರುತ್ತದೆ, ತಂದೆಯ ಹೆಸರೂ ಇರುತ್ತದೆ. ನಿಮ್ಮ ಬೂತಿನ ಪಟ್ಟಿ ತೆರೆದು ಇಪ್ಪತ್ತರ ಆಸುಪಾಸಿನವರು, ನಲವತ್ತರವರು, ಅರವತ್ತರವರು ಅಂತ ಮೂರು ಗುಂಪು ಮಾಡಿ ಓದಿ. ಅರ್ಧ ಗಂಟೆ ಸಾಕು. ಹದಿನೆಂಟಕ್ಕಿಂತ ಚಿಕ್ಕವರ ಹೆಸರು ಬೇಕಾದರೆ ಹತ್ತಿರದ ಅಂಗನವಾಡಿ ಟೀಚರನ್ನೋ ಎಲ್‌ಕೆಜಿ ಮಿಸ್ ಅವರನ್ನೋ ಕೇಳಿ. ಈ ವರ್ಷ ಯಾವ ಹೆಸರು ಜಾಸ್ತಿ ಅಂತ ಅವರು ಥಟ್ಟನೆ ಹೇಳುತ್ತಾರೆ.

ಅಜ್ಜನ ಹೆಸರು ಹಾಗೇ ಇಡುವುದಾದರೆ

ಹಳೆಯ ಹೆಸರಿನ ದೊಡ್ಡ ಗುಣ, ಅದು ಊರು ಹೇಳುತ್ತದೆ. ಕೊಟ್ರೇಶ ಅಂದರೆ ಕೊಟ್ಟೂರಿನ ಕಡೆ. ತಿಪ್ಪೇಸ್ವಾಮಿ ಅಂದರೆ ನಾಯಕನಹಟ್ಟಿ, ಚಿತ್ರದುರ್ಗದ ಸೀಮೆ. ಗವಿಸಿದ್ದಪ್ಪ ಅಂದರೆ ಕೊಪ್ಪಳದ ಗವಿಮಠ. ಶರಣಬಸಪ್ಪ ಕಲಬುರಗಿ, ವಿರೂಪಾಕ್ಷ ಹಂಪಿ, ಮಾದೇಶ ಮಲೆಮಹದೇಶ್ವರ ಬೆಟ್ಟ, ನಂಜುಂಡ ನಂಜನಗೂಡು. ಇಂಥ ಹೆಸರಿನವರು ಬೆಂಗಳೂರಿನ ಬಸ್ಸಿನಲ್ಲಿ ಪಕ್ಕ ಕೂತು ಹೆಸರು ಹೇಳಿದರೆ ಸಾಕು, ಮುಂದಿನ ಮಾತು ತಾನಾಗಿಯೇ ಬರುತ್ತದೆ. ಮಂಜುನಾಥ ಮತ್ತು ರಾಘವೇಂದ್ರ ಮಾತ್ರ ಊರು ಬಿಟ್ಟು ರಾಜ್ಯವೆಲ್ಲ ಹಬ್ಬಿದವು. ಧರ್ಮಸ್ಥಳಕ್ಕೂ ಮಂತ್ರಾಲಯಕ್ಕೂ ಎಲ್ಲ ಕಡೆಯವರೂ ಹರಕೆ ಹೊರುತ್ತಾರಲ್ಲ, ಅದಕ್ಕೆ.

ಆ ನಾಲ್ಕು ಮಂಜುನಾಥರ ಕತೆ ಹೇಳುತ್ತೇನೆ. ಹಾಜರಿಯಲ್ಲಿ ಇನಿಷಿಯಲ್ ಹಿಡಿದು ಕೂಗುತ್ತಿದ್ದೆ. ಆದರೆ ಹುಡುಗರಿಗೆ ಇನಿಷಿಯಲ್ ಬೇಕಿರಲಿಲ್ಲ. ಒಬ್ಬ ಉದ್ದ ಮಂಜ, ಒಬ್ಬ ಸಣ್ಣ ಮಂಜ, ಒಬ್ಬ ಮಿಲ್ ಮಂಜ (ಅವರಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದರು). ನಾಲ್ಕನೆಯವನು ಮಾತ್ರ ಪೂರ್ತಿ ಮಂಜುನಾಥ. ಯಾಕೆ ಅಂತ ಕೇಳಿದರೆ, "ಅವ್ನು ಮೊದ್ಲು ಬಂದೋನು ಮೇಡಂ" ಅಂದರು. ಒಂದೇ ಹೆಸರು ನಾಲ್ವರಿಗೆ ಇದ್ದರೂ ಯಾರಿಗೂ ಬೇಸರ ಇರಲಿಲ್ಲ. ಜಾಸ್ತಿ ಜನಕ್ಕೆ ಇರುವ ಹೆಸರು ಮಗುವಿಗೆ ಕೆಟ್ಟದ್ದು ಅಂತ ಈಗಿನವರು ಹೆದರುವಷ್ಟು ಅದು ದೊಡ್ಡ ಸಮಸ್ಯೆ ಅಲ್ಲ.

ನಿಜವಾದ ಕಷ್ಟ ಬೇರೆ ಕಡೆ ಇದೆ. ಹೆಸರು ತನ್ನ ಊರು ಬಿಟ್ಟು ಬಂದಾಗ. ಚಿತ್ರದುರ್ಗದ ಕಡೆಯಿಂದ ನಮ್ಮ ಶಾಲೆಗೆ ವರ್ಗವಾಗಿ ಬಂದ ಹುಡುಗನೊಬ್ಬನಿದ್ದ, ತಿಪ್ಪೇಸ್ವಾಮಿ. ಅವನ ಊರಲ್ಲಿ ಅದು ದೇವರ ಹೆಸರು. ನಮ್ಮಲ್ಲಿ ಹುಡುಗರು ತಿಪ್ಪೆ ಅಂದರು. ನಾನು ಗದರಿದೆ, ನಾಯಕನಹಟ್ಟಿಯ ಜಾತ್ರೆಯ ಬಗ್ಗೆ ಒಂದು ಪೀರಿಯಡ್ಡು ಮಾತಾಡಿದೆ. ಒಂದು ವಾರ ಸುಮ್ಮನಿದ್ದರು. ಆಮೇಲೆ ಅವನ ನೋಟ್ ಬುಕ್ಕಿನ ಮೇಲೆ ನೋಡಿದೆ: "ಟಿ. ಸ್ವಾಮಿ" ಅಂತ ನೀಲಿ ಮಸಿಯಲ್ಲಿ ಅಂದವಾಗಿ ಬರೆದುಕೊಂಡಿದ್ದ. ಹದಿಮೂರು ವರ್ಷದ ಹುಡುಗ ತನ್ನ ಹೆಸರನ್ನು ತಾನೇ ಮಡಚಿ ಇಟ್ಟುಕೊಂಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ದರಿಂದ ಹೇಳುತ್ತೇನೆ: ಹಳೆಯ ಹೆಸರು ಇಡಿ, ಆದರೆ ಮಗು ಎಲ್ಲಿ ಓದುತ್ತದೆ, ಅಲ್ಲಿನ ಮಕ್ಕಳ ಬಾಯಲ್ಲಿ ಆ ಹೆಸರು ಏನಾಗುತ್ತದೆ ಅಂತ ಒಮ್ಮೆ ಕೂಗಿ ನೋಡಿ.

ಹಳೆಯದರಲ್ಲೂ ಎರಡು ಬಗೆ ಇದೆ. ಅಪ್ಪನ ಹೆಸರು ಯಾವತ್ತೂ ಹಳತಾಗಿ ಕೇಳುತ್ತದೆ. ಮುತ್ತಜ್ಜನ ಹೆಸರು ಹೊಸದಾಗಿ ಕೇಳುತ್ತದೆ. ಅದನ್ನು ಇಟ್ಟುಕೊಂಡ ಜನ ಕಣ್ಣಮುಂದೆ ಇರುವುದಿಲ್ಲ, ಹಾಗಾಗಿ ಹೆಸರಿಗೆ ಅಂಟಿದ ವಯಸ್ಸು ತೊಳೆದುಹೋಗಿರುತ್ತದೆ. ಅಮೆರಿಕದಲ್ಲಿ ನೂರು ವರ್ಷದ ಹಿಂದೆ ಚೆನ್ನಾಗಿ ನಡೆಯುತ್ತಿದ್ದ ಥಿಯೋಡೋರ್ ಎಂಬ ಹೆಸರು ಮಧ್ಯೆ ಬಹಳ ಹಿಂದೆ ಬಿದ್ದು, ಈಚೆಗೆ ಮತ್ತೆ ಮೊದಲ ಹತ್ತರೊಳಗೆ ಬಂದಿದೆ. ನಮ್ಮಲ್ಲಿ ರುದ್ರ, ಧ್ರುವ, ಅಗಸ್ತ್ಯ, ಅಥರ್ವ ಹೀಗೆ ತಿರುಗಿ ಬಂದವು. ಇವುಗಳಲ್ಲಿ ರುದ್ರ ನಮ್ಮ ಹಳ್ಳಿಗಳಲ್ಲಿ ರುದ್ರಪ್ಪ, ರುದ್ರಯ್ಯ ಆಗಿ ಮೊದಲೂ ಇತ್ತು. ಬಾಲ ಕತ್ತರಿಸಿದ ಕೂಡಲೇ ಮಗುವಿನ ಹೆಸರಾಯಿತು.

ಅಪ್ಪನ ಕಾಲದ ಹೆಸರು

ಪ್ರಶಾಂತ್, ಕಿರಣ್, ಸಂತೋಷ್, ನವೀನ್, ಪ್ರವೀಣ್. ಇವು ಕಷ್ಟ ಕೊಡದ ಹೆಸರುಗಳು. ಅರ್ಥ ಎಲ್ಲರಿಗೂ ಗೊತ್ತು, ಬರೆಯಲು ಸುಲಭ. ಆದರೆ ಈಗ ಇವೇ ಸರಿಯಾಗಿ 'ಅಂಕಲ್' ವಯಸ್ಸಿನ ಹೆಸರುಗಳು. ಇವತ್ತು ಇಟ್ಟರೆ ಮಗುವಿನ ಸ್ನೇಹಿತರೆಲ್ಲರ ಅಪ್ಪಂದಿರ ಹೆಸರು ಇವನದ್ದಾಗಿರುತ್ತದೆ. ಮಗಳಿಗೆ ಇದನ್ನೇ ಹೇಳಿದೆ. ಅವಳ ವಯಸ್ಸಿನವರಿಗೆ ಈ ಹೆಸರುಗಳು ಇನ್ನೂ ಎಳೆಯವಾಗಿ ಕೇಳುತ್ತವೆ, ಯಾಕೆಂದರೆ ಅವರ ಗೆಳೆಯರ ಹೆಸರುಗಳು ಅವು. ಇನ್ನು ಎರಡು ತಲೆಮಾರು ಕಳೆದರೆ ಖಂಡಿತ ತಿರುಗಿ ಬರುತ್ತವೆ. ಈಗ ಅವಕ್ಕೆ ಸರಿಯಾದ ಸಮಯ ಅಲ್ಲ.

ಈಗಿನ ಹೆಸರು

ಆರವ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಅಳಿಯಂದಿರ ಪಟ್ಟಿಯಲ್ಲಿ ಅದೇ ಮೊದಲಿತ್ತು. ಹೆಸರಿನ ಆ್ಯಪುಗಳಲ್ಲಿ ಅದರ ಅರ್ಥ 'ಶಾಂತಿ' ಅಂತ ಇದೆ. ಸಂಸ್ಕೃತ ನಿಘಂಟು ತೆರೆದರೆ ಆರವ ಅಂದರೆ ಸದ್ದು, ಕೂಗು. ಹಕ್ಕಿಗಳ ಕಲರವ ಅನ್ನುತ್ತೇವಲ್ಲ, ಆ 'ರವ'ವೇ ಇದು. ಮನೆ ತುಂಬ ಸದ್ದು ಮಾಡುವ ಮಗುವಿಗೆ ಅದು ಒಳ್ಳೆಯ ಹೆಸರೇ. ಆದರೆ ಶಾಂತಿ ಬೇಕು ಅಂತ ಇಟ್ಟವರಿಗೆ ಸಿಕ್ಕಿದ್ದು ಅದಕ್ಕೆ ಉಲ್ಟಾ. ವಿಹಾನ್ ಅಂದರೆ ಬೆಳಗಿನ ಜಾವ, ಹಿಂದಿಯಲ್ಲಿ ಬಳಕೆಯಲ್ಲಿದೆ. ಅದ್ವಿಕ್, ರೇಯಾಂಶ್ ಮುಂತಾದವಕ್ಕೆ ಆ್ಯಪಿನಲ್ಲಿ 'ಅದ್ವಿತೀಯ', 'ವಿಷ್ಣುವಿನ ಅಂಶ' ಅಂತೆಲ್ಲ ಬರೆದಿರುತ್ತಾರೆ. ಇಡುವ ಮುಂಚೆ ಒಂದು ಅಚ್ಚಾದ ನಿಘಂಟಿನಲ್ಲಿ ಹುಡುಕಿ. ಅಲ್ಲಿ ಸಿಗದಿದ್ದರೆ ಆ ಹೆಸರಿನ ಸದ್ದು ಇಷ್ಟವಾಯಿತು ಅಂತ ಇಡಿ, ಅದರಲ್ಲಿ ತಪ್ಪಿಲ್ಲ. ನಾಳೆ ಮಗ ಕೇಳಿದಾಗ ಇಲ್ಲದ ಅರ್ಥ ಹೇಳಬೇಡಿ.

ಈ ಹೆಸರುಗಳ ಇನ್ನೊಂದು ಗುಣ ನನಗೆ ಕೊನೆಯ ವರ್ಷಗಳಲ್ಲಿ ಕಂಡಿತು. ಬಹಳಷ್ಟು ಇಂಗ್ಲಿಷಿನ 'ಎ'ಯಿಂದ ಶುರು. ಆರವ್‌ಗೆ ಎರಡು 'ಎ'. ಆಂಗ್ಲ ಮಾಧ್ಯಮದ ಹಾಜರಿ ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ ಇರುತ್ತದೆ. ಪುಟದ ಮೇಲಿನ ಭಾಗವೆಲ್ಲ ಆರವ್, ಆರುಷ್, ಅದ್ವಿಕ್, ಅಯಾನ್, ಅಥರ್ವ ಅಂತ ತುಂಬಿಹೋಗುತ್ತದೆ. ವೈವಾ ಇದ್ದರೆ ಮೊದಲು ಒಳಗೆ ಹೋಗುವವರು ಇವರೇ. ಮಗುವಿಗೆ ಅದು ವರವೋ ಕಷ್ಟವೋ ಮಗುವಿನ ಸ್ವಭಾವದ ಮೇಲೆ ಹೋಗುತ್ತದೆ.

ಇವುಗಳ ಪರವಾಗಿ ಒಂದು ಒಳ್ಳೆಯ ಮಾತು ಹೇಳಲೇಬೇಕು. ಅಯಾನ್, ರಿಯಾನ್, ಕಿಯಾನ್ ಥರದ ಹೆಸರುಗಳು ಬೇರೆ ಬೇರೆ ಮತದ ಮನೆಗಳಲ್ಲೂ ಸಿಗುತ್ತವೆ. ಹೆಸರು ಕೇಳಿದ ಕೂಡಲೇ ಜಾತಿ, ಸೀಮೆ ಅಳೆಯುವವರಿಗೆ ಇವು ಏನೂ ಬಿಟ್ಟುಕೊಡುವುದಿಲ್ಲ. ಅದೇ ಬೇಕು ಅಂತ ಇಡುವ ಅಪ್ಪ ಅಮ್ಮಂದಿರನ್ನು ನಾನು ನೋಡಿದ್ದೇನೆ, ಅವರ ಕಾರಣ ನನಗೆ ಅರ್ಥವಾಗುತ್ತದೆ.

ಆದರೆ ಕನ್ನಡ ಟೀಚರಾಗಿ ನನಗೆ ಕಾಡುವ ವಿಷಯ ವ್ಯಾಕರಣದ್ದು. ನಮ್ಮ ಬಹಳಷ್ಟು ಗಂಡು ಹೆಸರುಗಳಿಗೆ ಕೊನೆಯಲ್ಲಿ 'ಅ' ಇರುತ್ತದೆ. ರಾಮ, ಬಸವ, ಧ್ರುವ. ಅದರ ಮೇಲೆ ವಿಭಕ್ತಿ ಸಲೀಸಾಗಿ ಕೂರುತ್ತದೆ: ಬಸವನಿಗೆ, ಬಸವನಿಂದ, ಬಸವನ ಚೀಲ. ಪ್ರಶಾಂತ್ ಬಂದಾಗಲೂ ಅಜ್ಜಿಯರು ಪ್ರಶಾಂತ, ಪ್ರಶಾಂತಂಗೆ ಅಂತ ಮಾಡಿಕೊಂಡರು, ಯಾಕೆಂದರೆ ಒಳಗೆ ಆ 'ಅ' ಇತ್ತು. ಅದ್ವಿಕ್‌ಗೆ ಅದು ಕಷ್ಟ. ನಮ್ಮ ಪಕ್ಕದ ಮನೆಯ ಅಜ್ಜಿ ಮೊಮ್ಮಗನನ್ನು "ಅದ್ವಿಕ್ಕು ಬಾ" ಅಂತಾರೆ. ಬಸ್ಸು, ಬುಕ್ಕು ಅಂದ ಹಾಗೆ. ಅವರ ನಾಲಿಗೆ ಆ ಹೆಸರನ್ನು ಹೊರಗಿನ ಪದದ ಸಾಲಿಗೆ ಸೇರಿಸಿಬಿಟ್ಟಿದೆ. ಮಗುವನ್ನು ದಿನಾ ಕರೆಯುವವರಲ್ಲಿ ಅಜ್ಜಿ ಇದ್ದರೆ ಅವರ ಬಾಯಲ್ಲಿ ಮೊದಲು ಹೇಳಿಸಿ ನೋಡಿ.

ದೊಡ್ಡವರ ಹೆಸರು ಇಡುವುದು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ನಂತರ ನಮ್ಮ ಬೀದಿಯಲ್ಲೇ ಎರಡು ಮನೆಯಲ್ಲಿ ಗಂಡುಮಗುವನ್ನು ಅಪ್ಪು ಅಂತ ಕರೆಯಲು ಶುರು ಮಾಡಿದರು. ಪುನೀತ್ ಎಂಬ ಹೆಸರು ಆಗಲೇ ಅಪ್ಪಂದಿರ ಕಾಲಂ ಕಡೆಗೆ ಹೊರಟಿತ್ತು. ಆ ದಿನ ಅದನ್ನು ಮತ್ತೆ ತೊಟ್ಟಿಲಿಗೆ ತಂದಿತು. ಪುನೀತ್ ಅವರಿಗೇ ಹುಟ್ಟಿದಾಗ ಇಟ್ಟ ಹೆಸರು ಲೋಹಿತ್. ಅವರ ತಂದೆ ರಾಜ್‌ಕುಮಾರ್ ಮೊದಲಿಗೆ ಮುತ್ತುರಾಜ. ಸಂಪತ್ ಕುಮಾರ್ 1972ರಲ್ಲಿ ವಿಷ್ಣುವರ್ಧನ್ ಆದಾಗ, ಬೇಲೂರಿನ ಗುಡಿ ಕಟ್ಟಿಸಿದ ಹೊಯ್ಸಳ ರಾಜನ ಹೆಸರು ಮತ್ತೆ ಬೀದಿಯ ಮಾತಿಗೆ ಬಂತು. ನಾವು ಇಷ್ಟಪಟ್ಟು ಇಡುವ ಎಷ್ಟೋ ಹೆಸರುಗಳು ಆ ದೊಡ್ಡವರಿಗೂ ಹುಟ್ಟಿನಿಂದ ಬಂದವಲ್ಲ, ಆಮೇಲೆ ಬಂದವು.

ಈ ಬಗೆಯಲ್ಲಿ ನನಗೆ ತುಂಬ ಇಷ್ಟವಾದ ಹೆಸರು ಸುನಿಲ್ ಗಾವಸ್ಕರ್ ಅವರ ಮಗನದ್ದು: ರೋಹನ್ ಜೈವಿಶ್ವ. ರೋಹನ್ ಅಂದರೆ ವೆಸ್ಟ್ ಇಂಡೀಸಿನ ರೋಹನ್ ಕನ್ಹಾಯ್, ಜೈ ಅಂದರೆ ಕ್ರಿಕೆಟಿಗ ಜೈಸಿಂಹ, ವಿಶ್ವ ಅಂದರೆ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಮೂವರ ಮೇಲಿನ ಪ್ರೀತಿ ಒಂದು ಹೆಸರಿನಲ್ಲಿ ಕೂತಿದೆ. ಯಾರಾದರೂ ಇಷ್ಟವಾಗಿದ್ದರೆ ಹೀಗೆ ಹೆಸರಿನ ಒಂದು ತುಂಡು ತೆಗೆದುಕೊಳ್ಳುವುದು ಚೆನ್ನ. ಪೂರ್ತಿ ಹೆಸರು ಇಟ್ಟರೆ ಹೋದಲ್ಲೆಲ್ಲ "ಓ, ಅವರ ಹೆಸರಾ?" ಅಂತ ಕೇಳಿಸಿಕೊಳ್ಳಬೇಕಾಗುತ್ತದೆ.

ಕಾಗದದ ಮೇಲೆ

ಅವಸರ ಬೇಡ. ಜನನ ನೋಂದಣಿ 21 ದಿನದೊಳಗೆ ಮಾಡಿಸಬೇಕು, ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ನೋಂದಣಿಯಾದ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅದಾದ ಮೇಲೂ ಹದಿನೈದು ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಲು ಅವಕಾಶ ಇದೆ. ಆದರೆ ಸೇರಿಸುವಾಗ ಇಂಗ್ಲಿಷ್ ಕಾಗುಣಿತ ಎರಡು ಸಲ ಓದಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವೇ ಆಧಾರ.

ನಾವು ದಕ್ಷಿಣದವರು 'ತ' ಬರೆಯಲು ಟಿ ಜೊತೆ ಎಚ್ ಹಾಕುತ್ತೇವೆ. ಉತ್ತರದವರು ಹಾಕುವುದಿಲ್ಲ. ರೋಹಿತ್ ಇಲ್ಲೊಂದು ಥರ, ಅಲ್ಲೊಂದು ಥರ. ನನ್ನ ಶಿಷ್ಯನೊಬ್ಬನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎಚ್ ಇತ್ತು, ಬೇರೆ ದಾಖಲೆಯಲ್ಲಿ ಇರಲಿಲ್ಲ. ಒಂದು ಅಕ್ಷರಕ್ಕಾಗಿ ಅವನು ಅಫಿಡವಿಟ್ಟು, ಪೇಪರ್ ಜಾಹೀರಾತು ಅಂತ ಎರಡು ತಿಂಗಳು ಓಡಾಡಿದ. ಮನೆಯಲ್ಲಿ ಎಲ್ಲರೂ ಕೂತು ಒಂದು ಕಾಗುಣಿತ ನಿಶ್ಚಯ ಮಾಡಿ, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಇನ್ನೊಂದು. ನಮ್ಮ ಇನಿಷಿಯಲ್ ಪದ್ಧತಿ ಹೊರದೇಶದಲ್ಲಿ ತೊಡಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವವರನ್ನು ಪ್ರವಾಸಿ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಅಂತ 2022ರ ನವೆಂಬರಿನಲ್ಲಿ ಯುಎಇ ನಿಯಮ ತಂದಿತ್ತು. ಮೊದಲಿಂದಲೇ ಅಪ್ಪನ ಹೆಸರನ್ನೋ ಮನೆತನದ ಹೆಸರನ್ನೋ ಬಿಡಿಸಿ ಜೊತೆಗೆ ಬರೆಸಿ. ಹೊರದೇಶದಲ್ಲಿ ಬೆಳೆಯುವ ಮಗುವಾದರೆ ಹೆಸರಿನ ಕೊನೆಯ ಅಕ್ಷರಗಳು ಇಂಗ್ಲಿಷಿನ ಬೈಗುಳದ ಹಾಗೆ ಕೇಳುವುದಿಲ್ಲ ತಾನೇ ಅಂತಲೂ ನೋಡಿ. ದೀಕ್ಷಿತ್ ಎಂಬ ಚೆಂದದ ಹೆಸರಿನ ಹುಡುಗರು ಅಲ್ಲಿ ಪಟ್ಟ ಪಾಡು ನನಗೆ ಗೊತ್ತು.

ಹಾಗಾದರೆ ಯಾವುದು?

ಇಷ್ಟೆಲ್ಲ ನೋಡಿದ ಮೇಲೆ ನನ್ನ ಆಯ್ಕೆ ಅಜ್ಜನದು, ಅಪ್ಪನ ಕಾಲದ್ದು, ಈಗಿನದು, ದೊಡ್ಡವರದು ಈ ನಾಲ್ಕೂ ಅಲ್ಲದ ಐದನೆಯದು: ಅಜ್ಜನ ಹೆಸರಿನ ಅರ್ಥ ಉಳಿಸಿ, ಪದ ಬದಲಾಯಿಸುವುದು. ಇದಕ್ಕೆ ಸ್ವಲ್ಪ ಕೂತು ಯೋಚನೆ ಮಾಡಬೇಕು. ನಂಜುಂಡ ಅಂದರೆ ನಂಜು ಉಂಡವನು, ವಿಷ ಕುಡಿದ ಶಿವ. ಅಚ್ಚಗನ್ನಡದಲ್ಲಿ ಇಷ್ಟು ದೊಡ್ಡ ಕತೆಯನ್ನು ಮೂರು ಅಕ್ಷರದಲ್ಲಿ ಹೇಳುವ ಹೆಸರು ಇನ್ನೊಂದು ನನಗೆ ಗೊತ್ತಿಲ್ಲ. ವಿಷ ಕುಡಿದದ್ದರಿಂದಲೇ ಅವನು ನೀಲಕಂಠ, ಶ್ರೀಕಂಠ. ನಂಜನಗೂಡಿನ ದೇವರೂ ಶ್ರೀಕಂಠೇಶ್ವರನೇ. ಶ್ರೀಕಂಠ ಅಪ್ಪಂದಿರ ಕಾಲದ್ದು. ನೀಲಕಂಠ ನನ್ನ ಮೂವತ್ತನಾಲ್ಕು ವರ್ಷದ ಹಾಜರಿಯಲ್ಲಿ ಮೂರೋ ನಾಲ್ಕೋ ಸಲ ಬಂದಿರಬಹುದು. ಯಾವತ್ತೂ ಏರಿದ ಹೆಸರಲ್ಲ, ಹಾಗಾಗಿ ಇಳಿಯುವುದೂ ಇಲ್ಲ. ಕೊನೆಯಲ್ಲಿ 'ಅ' ಇದೆ. ಕರೆಯಲು ನೀಲು.

ಬೀಗರಿಗೆ ಒಂದು ಅನುಮಾನ ಉಳಿದಿತ್ತು. ಮಗು ಹಸ್ತ ನಕ್ಷತ್ರ, ಮೂರನೇ ಪಾದ. ಆ ನಕ್ಷತ್ರದ ಅಕ್ಷರಗಳು ಪೂ, ಷ, ಣ, ಠ. ಮೂರನೇ ಪಾದಕ್ಕೆ ಬಂದದ್ದು 'ಣ'. 'ಣ'ದಿಂದ ಶುರುವಾಗುವ ಹೆಸರು ಎಲ್ಲಿಂದ ತರುವುದು? 'ನ' ಇಟ್ಟುಕೊಳ್ಳುವುದು ರೂಢಿ ಅಂತ ಪುರೋಹಿತರು ಹೇಳಿದ್ದರು, ಆದರೂ ಅವರ ಮನಸ್ಸು ಒಪ್ಪಿರಲಿಲ್ಲ. ಹಳೆಯ ಹಾಜರಿಯ ಹಿಂಬದಿಯಲ್ಲಿ ಬಿಡಿಸಿ ಬರೆದು ತೋರಿಸಿದೆ: ನೀಲಕಂಠ, ನೀಲಕಣ್ಠ. ಕಂಠ ಅನ್ನುವಾಗ ಸೊನ್ನೆಯ ಜಾಗದಲ್ಲಿ ನಾಲಿಗೆ ಹೇಳುವುದು 'ಣ್'. ಅದರ ಹಿಂದೆಯೇ 'ಠ'. ಹಸ್ತ ನಕ್ಷತ್ರದ ಎರಡು ಅಕ್ಷರಗಳು ಹೆಸರಿನ ಒಳಗೇ ಕೂತಿವೆ. ಅವರು ಎರಡು ಸಲ ಮೆಲ್ಲಗೆ ಹೇಳಿಕೊಂಡು ನೋಡಿದರು. ನಾಲಿಗೆ ಮಡಚಿದ್ದು ಅವರಿಗೇ ಗೊತ್ತಾಯಿತು.

ಹನ್ನೊಂದನೇ ದಿನ ತಟ್ಟೆಯ ಅಕ್ಕಿಯಲ್ಲಿ ಅಳಿಯಂದಿರು ಉಂಗುರದಿಂದ ಆ ಹೆಸರು ಬರೆದರು. 'ಠ' ಬರೆಯುವಾಗ ಅಕ್ಕಿ ಜಾರಿ ಎರಡು ಸಲ ತಿದ್ದಿದರು. ಅವರ ತಂಗಿ ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿದಳು. ಈಗ ಅವನಿಗೆ ಎಂಟು ತಿಂಗಳು. ಮನೆಯಲ್ಲಿ ಎಲ್ಲರಿಗೂ ನೀಲು. ಬೀಗರು ಮಾತ್ರ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು "ಏ ನಂಜುಂಡಾ" ಅಂತ ಕೂಗುತ್ತಾರೆ. ಅವನು ಅದಕ್ಕೂ ತಿರುಗಿ ನೋಡುತ್ತಾನೆ.